ಗಣಕಜಾಲವೆಂದರೇನು?

‘ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳದವರು ಈಗ ನಮ್ಮ ಹಳ್ಳಿಗಳಲ್ಲಿ ವಿರಳ. ಪಹಣಿಗೆ ಹೋದವನಿಗೂ ಇದೇ ಉತ್ತರ. ಪಡಿತರಕ್ಕಾಗಿ ಬೆರಳೊತ್ತಿದ ಮುದುಕಿಗೂ ಇದೇ ಉತ್ತರ. ಮಗನ ವಿದ್ಯಾರ್ಥಿವೇತನಕ್ಕೆ ಆದಾಯದ ಸರ್ಟಿಫಿಕೇಟು ಬೇಕೆಂದು ಕೂಲಿ ಬಿಟ್ಟು ಬಂದ ತಂದೆಗೂ ಇದೇ ಉತ್ತರ. ಹೇಳಿದವರೂ ಕೇಳಿದವರೂ ಇದನ್ನು ಮಳೆ ಬಾರದಿದ್ದಂತೆ ದೈವಾಧೀನವೆಂದು ಭಾವಿಸುವುದುಂಟು. ಆದರೆ ಗಣಕಜಾಲ ಮನುಷ್ಯರು ಕಟ್ಟಿದ್ದು. ಅದು ಕಡಿದರೆ ಯಾವ ಕಡೆ ಕಡಿದಿದೆ ಎಂದು ಹುಡುಕಲು ಬರುತ್ತದೆ. ಅದಕ್ಕೆ ಬೇಕಾದಷ್ಟು ತಿಳಿವಳಿಕೆಯನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಗಣಕ ಎಂಬುದು ಹಳೆಯ ಶಬ್ದ. ಲೆಕ್ಕ ಮಾಡುವವನು, ಜೋಯಿಸ ಎಂದು ಅದರ ಅರ್ಥ. ಆ ಹೆಸರು ಈಗ ಯಂತ್ರಕ್ಕೆ ಬಂದಿದೆ. ಜಾಲವೆಂದರೆ ಬಲೆ. ಬಲೆಯಲ್ಲಿ ಗಂಟುಗಳಿವೆ, ಗಂಟನ್ನು ಗಂಟಿಗೆ ಸೇರಿಸುವ ಎಳೆಗಳಿವೆ. ಗಣಕ, ಮೊಬೈಲು, ಪ್ರಿಂಟರು ಇವೆಲ್ಲ ಗಂಟುಗಳು. ತಂತಿ, ಗಾಜಿನ ನಾರು, ರೇಡಿಯೋ ಅಲೆ ಇವು ಎಳೆಗಳು.

ಹಾಗಾದರೆ ರೇಡಿಯೋಗೂ ಇದಕ್ಕೂ ಭೇದವೇನು? ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ತೆರೆದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಅಲ್ಲಿ ಒಬ್ಬರು ನುಡಿದದ್ದನ್ನು ಅನೇಕರು ಕೇಳುತ್ತಾರೆ. ಕೇಳಿದವರು ಅದೇ ಪೆಟ್ಟಿಗೆಯಿಂದ ಮರುನುಡಿಯಲಾರರು. ಜಾಲದಲ್ಲಾದರೋ ಪ್ರತಿಯೊಂದು ಗಂಟೂ ಕೇಳುತ್ತದೆ, ನುಡಿಯುತ್ತದೆ. ಕೋಟಿಗಟ್ಟಲೆ ಗಂಟುಗಳಲ್ಲಿ ಇಂಥದಕ್ಕೇ ಮಾತು ಮುಟ್ಟಬೇಕಾದರೆ ಪ್ರತಿಯೊಂದಕ್ಕೂ ವಿಳಾಸ ಬೇಕು. ಅಂಕೆಗಳಿಂದಾದ ಈ ವಿಳಾಸಕ್ಕೆ ಐಪಿ ವಿಳಾಸವೆಂದು ಹೆಸರು. ಮೊದಲ ಏರ್ಪಾಟಿನಲ್ಲಿ ಸುಮಾರು ೪೩೦ ಕೋಟಿ ವಿಳಾಸಗಳಿಗೆ ಮಾತ್ರ ಅವಕಾಶವಿತ್ತು. ಅದು ಸಾಲದೆ, ಇನ್ನೂ ಉದ್ದವಾದ ವಿಳಾಸಗಳೂ ಬಳಕೆಗೆ ಬಂದಿವೆ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ರೈತನೊಬ್ಬ ಮೊಬೈಲಿನಲ್ಲಿ ತನ್ನ ಪಹಣಿಯನ್ನು ನೋಡಬಯಸಿದನೆನ್ನಿ. ನಮ್ಮ ರಾಜ್ಯದಲ್ಲಿ ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಪಹಣಿಗಳು ಪುಸ್ತಕ ಬಿಟ್ಟು ಗಣಕ ಸೇರಿದವು. ರೈತನ ಕೋರಿಕೆ ಮೊದಲು ವೈಫೈ ಎಂಬ ಅಲ್ಪದೂರದ ರೇಡಿಯೋ ಅಲೆಯನ್ನೇರಿ, ಗೋಡೆಯ ಮೇಲಿನ ರೂಟರ್ ಎಂಬ ಪೆಟ್ಟಿಗೆಯನ್ನು ಮುಟ್ಟುತ್ತದೆ. ವೈಫೈ ಇಲ್ಲದ ಕಡೆ ಮೊಬೈಲ್ ಟವರೇ ಮೊದಲ ಮೆಟ್ಟಿಲು. ರೂಟರು ಅಂಚೆ ವಿಂಗಡಿಸುವವನಿದ್ದಂತೆ. ವಿಳಾಸ ನೋಡಿ, ಮುಂದಿನ ಠಾಣೆ ಯಾವುದೆಂದು ತಿಳಿದು ಅತ್ತ ದಾಟಿಸುವುದಷ್ಟೇ ಅದರ ಕೆಲಸ. ಪೂರ್ತಿ ದಾರಿ ಅದಕ್ಕೆ ಗೊತ್ತಿರಬೇಕಾಗಿಲ್ಲ. ಹೀಗೆ ಠಾಣೆಯಿಂದ ಠಾಣೆಗೆ ಸಾಗುತ್ತ ಕೋರಿಕೆ ಗಾಜಿನ ನಾರನ್ನು ಸೇರುತ್ತದೆ. ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುತ್ತದೆ. ೨೦೦ ಕಿಲೋಮೀಟರಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಕೊನೆಗೆ ಪಹಣಿಯನ್ನು ಇಟ್ಟುಕೊಂಡಿರುವ ಗಣಕ ಸಿಕ್ಕುತ್ತದೆ. ಕೇಳಿದವರಿಗೆ ಒದಗಿಸಲೆಂದೇ ನಿಂತಿರುವ ಇಂಥ ಗಣಕಕ್ಕೆ ಸರ್ವರ್ ಎನ್ನುತ್ತಾರೆ.

ಸರ್ವರು ಪಹಣಿಯನ್ನು ಇಡಿಯಾಗಿ ಕಳಿಸುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಮಾಡಿ ಕಳಿಸುತ್ತದೆ. ಓಲೆಗರಿಯ ಕಟ್ಟಿನ ದಾರವನ್ನು ಬಿಚ್ಚಿ, ಒಂದೊಂದು ಗರಿಯನ್ನು ಒಬ್ಬೊಬ್ಬರ ಕೈಯಲ್ಲಿ ಬೇರೆ ಬೇರೆ ದಾರಿಯಲ್ಲಿ ಕಳಿಸಿದರೂ, ಗರಿಯ ಮೇಲೆ ಸಂಖ್ಯೆಯಿದ್ದರೆ ಮತ್ತೆ ಜೋಡಿಸಬಹುದಲ್ಲವೆ? ಪೊಟ್ಟಣಗಳಿಗೂ ಹಾಗೆಯೇ ಸಂಖ್ಯೆಯುಂಟು. ಯಾವುದಾದರೂ ಕಳೆದುಹೋದರೆ ಅದೊಂದನ್ನೇ ಮತ್ತೆ ಕಳಿಸಿದರಾಯಿತು. ಒಂದು ದಾರಿ ಮುಚ್ಚಿದರೆ, ಇನ್ನೊಂದು ಇದ್ದಲ್ಲಿ, ಆ ದಾರಿ ಹಿಡಿಯುತ್ತದೆ.

ಇಷ್ಟೆಲ್ಲ ನಡೆಯುವುದು ಒಡಂಬಡಿಕೆಯ ಬಲದಿಂದ. ಕವಿಸಮಯ ಎನ್ನುವಾಗ ‘ಸಮಯ’ ಎಂದರೆ ಎಲ್ಲರೂ ಒಪ್ಪಿದ ಕಟ್ಟಳೆ. ಗಣಕಗಳಿಗೂ ಅಂಥ ಸಮಯವುಂಟು. ಅದನ್ನು ಪ್ರೋಟೋಕಾಲ್ ಎನ್ನುತ್ತಾರೆ. ಅಮೆರಿಕದ ಎರಡು ಸಂಸ್ಥೆಗಳ ಗಣಕಗಳು ೧೯೬೯ರ ಅಕ್ಟೋಬರ್ ೨೯ರಂದು ಅರ್ಪಾನೆಟ್ ಎಂಬ ಜಾಲದ ಮೂಲಕ ಮೊದಲು ಮಾತನಾಡಿದವು. ವಿಂಟ್ ಸರ್ಫ್, ಬಾಬ್ ಕಾನ್ ಎಂಬಿಬ್ಬರು ರೂಪಿಸಿದ ಕಟ್ಟಳೆಗೆ ಆ ಜಾಲ ೧೯೮೩ರ ಜನವರಿ ೧ರಂದು ಬದಲಾಯಿತು. ನಮ್ಮ ದೇಶದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜಾಲ ಕಡಿಯುವ ಎಡೆಗಳು ಮುಖ್ಯವಾಗಿ ಮೂರು. ಒಂದೇ ಕೋಣೆಯಲ್ಲಿ ಮಿಕ್ಕ ಗಣಕಗಳು ನಡೆಯುತ್ತಿದ್ದು ಒಂದು ಮಾತ್ರ ನಿಂತಿದ್ದರೆ, ದೋಷ ಆ ಗಣಕದಲ್ಲಿಯೋ ಅದರ ತಂತಿಯಲ್ಲಿಯೋ ಇರಬಹುದು. ಪಕ್ಕದ ಗಣಕದಲ್ಲಿ ಕೆಲಸವಾದೀತು. ಕೋಣೆಯ ಎಲ್ಲವೂ ನಿಂತಿದ್ದರೆ ರೂಟರನ್ನೋ ಹೊರಗಿನ ಲೈನನ್ನೋ ನೋಡಬೇಕು. ರಸ್ತೆ ಅಗೆದಾಗ ಗಾಜಿನ ನಾರು ತುಂಡಾಗಿದ್ದರೆ ಅದನ್ನು ಬೆಸೆಯುವ ತನಕ ಕಾಯಲೇಬೇಕು. ಬೇರೆಲ್ಲ ತಾಣಗಳೂ ತೆರೆದು ಪಹಣಿಯ ತಾಣವೊಂದೇ ತೆರೆಯದಿದ್ದರೆ, ಬಹುಮಟ್ಟಿಗೆ ತೊಂದರೆ ಸರ್ವರಿನ ಕಡೆಯದು. ಅದು ಒಂದು ಗಳಿಗೆಯಲ್ಲಿ ಸರಿಹೋಗಲೂಬಹುದು.

ಆದುದರಿಂದ ‘ನೆಟ್‌ವರ್ಕ್ ಇಲ್ಲ’ ಎಂದವರನ್ನು ‘ಎಲ್ಲಿ ಹೋಗಿದೆ ಸ್ವಾಮಿ? ಇಲ್ಲಿಯೋ, ಲೈನಿನಲ್ಲೋ, ಸರ್ವರಿನಲ್ಲೋ?’ ಎಂದು ಕೇಳುವುದು ಒರಟುತನವಲ್ಲ. ಮೇಜಿನ ಆಚೆ ಕುಳಿತವರೂ ಆ ಮೂರರಲ್ಲೊಂದನ್ನು ಹೆಸರಿಸಿ ಹೇಳಿದರೆ ಎಷ್ಟೋ ಉಪಕಾರವಾಗುತ್ತದೆ. ಗಳಿಗೆ ಹೊತ್ತು ಕಾಯುವುದೋ, ಇನ್ನೊಂದು ಕೇಂದ್ರಕ್ಕೆ ಹೋಗುವುದೋ, ಹೊಲಕ್ಕೆ ಹಿಂದಿರುಗುವುದೋ ಎಂಬುದನ್ನು ಕೂಲಿ ಬಿಟ್ಟು ಬಂದವನು ಆಗ ತಾನೇ ತೀರ್ಮಾನಿಸಿಕೊಳ್ಳಬಲ್ಲ.