ಟಾರ್ಚಿನ ಸೆಲ್ ಮುಗಿದ ರಾತ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಮನೆಯವರ ಜೊತೆ ಕೂತು ಕೇಳೋಕೆ ಸ್ವಲ್ಪ ಮುಜುಗರ ಆಗಬಹುದು. ಇಯರ್‌ಫೋನ್ ಹಾಕ್ಕೊಳ್ಳಿ. ಆಮೇಲೆ ಬೇಕಿದ್ರೆ ಮನೆಯವರಿಗೂ ಕೇಳಿಸಿ.

ಮುಂದಿನ ತಿಂಗಳು ನನ್ನ ಮದುವೆ. ಹುಡುಗನ ಜೊತೆ ದಿನಾ ರಾತ್ರಿ ಒಂದು ಗಂಟೆವರೆಗೂ ಚಾಟ್ ಮಾಡ್ತೀನಿ. ಛತ್ರದ ಬಾಡಿಗೆ, ಇಎಂಐ, ಯಾರ ಸಂಬಳದಲ್ಲಿ ಯಾವ ಖರ್ಚು, ಎಲ್ಲಾ ಎಕ್ಸೆಲ್ ಶೀಟ್‌ನಲ್ಲಿದೆ. ಬಿ.ಕಾಂ ಓದಿದ್ದಕ್ಕೆ ಅಷ್ಟಾದ್ರೂ ಬೇಡ್ವಾ? ಆದ್ರೆ ಮದುವೆ ಆದ್ಮೇಲೆ ನಾವಿಬ್ರೇ ಇರೋ ಆ ಕೋಣೆ ಬಗ್ಗೆ, ನಂಗಿರೋ ಭಯದ ಬಗ್ಗೆ ಒಂದು ಸಾಲೂ ಕಳಿಸಿಲ್ಲ. ಮೂರು ಸಲ ಟೈಪ್ ಮಾಡಿ ಅಳಿಸಿದ್ದೀನಿ.

ಕೊನೆಗೆ ನಾನು ಬಾಯಿ ಬಿಟ್ಟಿದ್ದು ನಮ್ಮಜ್ಜಿ ಹತ್ರ. ಅವರೆಕಾಯಿ ಸುಲೀತಾ ಕೂತಿದ್ರು. ಬೈತಾರೆ ಅಂದ್ಕೊಂಡಿದ್ದೆ. "ಇದನ್ನ ಕೇಳೋಕೆ ನಂಗೆ ಯಾರೂ ಇರ್ಲಿಲ್ಲ ಕಣೇ" ಅಂದ್ರು. ಮುಂದಿನದ್ದನ್ನ ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ.

1973. ತಿಪಟೂರು ಕಡೆ ಒಂದು ಹಳ್ಳಿ. ಅಜ್ಜಿಗೆ 17, ತಾತಂಗೆ 24. ಆಗ ಕಾನೂನಿನ ಪ್ರಕಾರ ಹುಡುಗಿಗೆ 15 ತುಂಬಿದ್ರೆ ಸಾಕಿತ್ತು. ಅದು 18 ಆಗಿದ್ದು 1978ರ ತಿದ್ದುಪಡಿಯಲ್ಲಿ. ಹೆಣ್ಣು ನೋಡೋಕೆ ಬಂದ ದಿನ ಅಜ್ಜಿ ನೋಡಿದ್ದು ತಾತನ ಕಾಲ್ಬೆರಳು ಮಾತ್ರ.

ಪ್ರಸ್ತದ ರಾತ್ರಿ ಚಿಕ್ಕಮ್ಮ ಹಾಲಿನ ಲೋಟ ಕೈಗೆ ಕೊಟ್ಟು, "ಅವರು ಹೇಳ್ದಂಗೆ ಕೇಳು" ಅಂದ್ರಂತೆ. ಅಜ್ಜಿಗೆ ಸಿಕ್ಕಿದ ಪಾಠ ಅಷ್ಟೇ. ತಾತಂಗೆ ಗೆಳೆಯರು ಹೇಳಿದ್ದು, "ಗಂಡಸು ನೀನು, ಹೆದರ್ಬೇಡ." ಬಾಗಿಲಾಚೆ ನೆಂಟರ ಕಿಸಿಕಿಸಿ ನಗು. ಒಳಗೆ ಅಜ್ಜಿ ಕೈ ನಡುಗಿ ಹಾಲು ಚೆಲ್ಲಿತು. ತಾತ ಟವೆಲ್ಲಿನಿಂದ ನೆಲ ಒರೆಸಿ, ಗೋಡೆ ಕಡೆ ತಿರುಗಿ ಮಲಗಿದ್ರು. ಮಾರನೇ ರಾತ್ರೀನೂ ಹಾಗೇ. ಮುಂದಿನ ವಾರಾನೂ ಹಾಗೇ.

ಹಗಲು ಮಾತಾಡೋಣ ಅಂದ್ರೆ ಮನೇಲಿ 13 ಜನ. ಗಂಡನ ಹೆಸರು ಹೇಳೋ ಹಾಗಿಲ್ಲ, ಎದುರು ನಿಲ್ಲೋ ಹಾಗಿಲ್ಲ. "ಊಟಕ್ಕೆ ಬರ್ಬೇಕಂತೆ" ಅನ್ನೋದನ್ನೂ ನಾದಿನಿ ಕೈಲಿ ಹೇಳಿಸಬೇಕು. ಅಷ್ಟರಲ್ಲಿ ಆಷಾಢ ಬಂತು, ಹೊಸ ಸೊಸೆ ತವರಿಗೆ ಹೋಗ್ಬೇಕು. ತಾತ ಮಾವಂಗೆ ಒಂದು ಕಾರ್ಡ್ ಬರೆದ್ರು. ಮಳೆ, ರಾಗಿ ಬಿತ್ತನೆ, ಕೊಬ್ಬರಿ ರೇಟು. ಕೊನೇಲಿ "ಎಲ್ಲರಿಗೂ ನನ್ನ ನಮಸ್ಕಾರಗಳು." ಅಜ್ಜಿ ಹೇಳಿದ್ರು, "ಆ ಎಲ್ಲರಲ್ಲಿ ನಾನೂ ಇದ್ದೀನಾ ಅಂತ ಕಾರ್ಡ್ ಕದ್ದು ನಾಕು ಸಲ ಓದ್ದೆ."

ವಾಪಸ್ ಬಂದ ಮೇಲೆ ಅತ್ತೆ ಪ್ರತಿ ತಿಂಗಳು ಕೇಳೋರು, "ಏನಾದ್ರೂ ವಿಶೇಷಾನಾ?" ಇಲ್ಲ ಅಂದಾಗ ಅಶ್ವತ್ಥಕಟ್ಟೆ ಸುತ್ತಿಸಿದ್ರು. ದಿನಾ ಬೆಳಗ್ಗೆ, ಒದ್ದೆ ಸೀರೇಲಿ. ಕಾರಣ ಗೊತ್ತಿದ್ದ ಇಬ್ಬರೂ ಬಾಯಿ ಬಿಡಲಿಲ್ಲ. ಆದ್ರೆ ಸುತ್ತಿದ್ದು ಒಬ್ಬರೇ. ಬಂಜೆ ಅಂತ ಅನ್ನಿಸ್ಕೊಂಡಿದ್ದೂ ಒಬ್ಬರೇ.

ಅಕೌಂಟ್ಸ್‌ನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ಲೆಕ್ಕ ತಾಳೆ ಆಗದಿದ್ರೆ, ತಪ್ಪು ಸಿಗೋವರೆಗೂ ವ್ಯತ್ಯಾಸದ ಮೊತ್ತವನ್ನ ಅಲ್ಲಿ ಹಾಕಿಡ್ತೀವಿ. ಅದು ತಾತ್ಕಾಲಿಕ ಜಾಗ. ಇವರಿಬ್ಬರೂ ಇಡೀ ಸಂಸಾರವನ್ನೇ ಅಲ್ಲಿಟ್ಟಿದ್ರು.

ಮುಂದಿನ ವರ್ಷ ಸಂಕ್ರಾಂತಿ ಕಳೆದು ಪಕ್ಕದೂರಿಗೆ ಟೆಂಟ್ ಸಿನಿಮಾ ಬಂತು. ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ'. ಗಂಡನಿಂದ ಸಿಗದ ಸುಖಕ್ಕಾಗಿ ಒಳಗೊಳಗೇ ಬೇಯೋ ಹೆಂಡತಿಯ ಕಥೆ. ಜೊತೆಗೆ ಬರಬೇಕಿದ್ದ ನಾದಿನಿಗೆ ಜ್ವರ, ಇವರಿಬ್ಬರೇ ಹೋದ್ರು. ವಾಪಸ್ ಎರಡು ಮೈಲಿ ನಡಿಗೆ. ತಾತ ಟಾರ್ಚ್ ಹಿಡ್ಕೊಂಡು ಮುಂದೆ, ಅಜ್ಜಿ ನಾಕು ಹೆಜ್ಜೆ ಹಿಂದೆ. ತೋಪಿನ ಹತ್ರ ಟಾರ್ಚಿನ ಸೆಲ್ ಮುಗೀತು. ಕತ್ತಲಲ್ಲಿ ತಾತ ನಿಧಾನ ಮಾಡಿದ್ರು, ಅಜ್ಜಿ ಪಕ್ಕಕ್ಕೆ ಬಂದ್ರು. ಮುಖ ಕಾಣ್ತಿರ್ಲಿಲ್ಲ. ಅದಕ್ಕೇ ಧೈರ್ಯ ಬಂತಂತೆ.

"ನಾನು ನಿಮಗೆ ಬೇಡ್ವಾ?"

ತುಂಬಾ ಹೊತ್ತು ಬರೀ ಚಪ್ಪಲಿ ಸದ್ದು. ಆಮೇಲೆ ತಾತ ಅಂದ್ರಂತೆ, "ಅವತ್ತು ನಿನ್ನ ಕೈ ನಡುಗ್ತಿತ್ತು. ಬಲವಂತದ ಮದುವೆ ಅಂದ್ಕೊಂಡೆ. ನಂಗೂ ಭಯ ಇತ್ತು."

ಎಂಟು ತಿಂಗಳು ಬೇಕಾಯ್ತು, ಇಷ್ಟು ಹೇಳೋಕೆ. "ಆವತ್ತು ಮನೆ ಬೇಗ ಬಂದ್ಬಿಡ್ತು ಅನ್ನಿಸ್ತು" ಅಂದ್ರು ಅಜ್ಜಿ.

ಅಬ್ಬಾ, ಎಷ್ಟು ಚೆಂದ ಆ ಕಾಲ ಅನ್ನಬೇಡಿ. ಅಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ. ಅವರ ಅಕ್ಕನ ಗಂಡ ಗೋಡೆ ಕಡೆ ತಿರುಗಿ ಮಲಗಲಿಲ್ಲ. ಏನೂ ಕೇಳಲೂ ಇಲ್ಲ. ಆ ಅಕ್ಕ ಅದನ್ನ ತಂಗಿ ಹತ್ರ ಹೇಳಿದ್ದು ಒಂದೇ ಸಲ, ಐವತ್ತು ದಾಟಿದ ಮೇಲೆ. ಮೌನಂ ಸಮ್ಮತಿ ಲಕ್ಷಣಂ ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಆ ಮೌನದೊಳಗೆ ಹೆದರಿಕೆ ಇತ್ತು, ನೋವಿತ್ತು. ಸಮ್ಮತಿ ಇರ್ಲಿಲ್ಲ.

ಹಾಗಂತ ಆಗ ಹೇಳೋರೇ ಇರ್ಲಿಲ್ಲ ಅಂತಲ್ಲ. ಡಾಕ್ಟರೂ ಆಗಿದ್ದ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಅಂತ ಕನ್ನಡದಲ್ಲೇ ಪುಸ್ತಕ ಬರೆದ್ರು. ಅಜ್ಜಿ ಕೈಗೆ ಅದು ಸಿಕ್ಕಿದ್ದು ನಮ್ಮಮ್ಮ ಸ್ಕೂಲಿಗೆ ಹೋಗೋ ಹೊತ್ತಿಗೆ. ಪೇಪರ್ ರಟ್ಟು ಹಾಕಿ ಟ್ರಂಕಿನ ತಳದಲ್ಲಿ ಇಟ್ಟಿದ್ರಂತೆ. ನಮ್ಮಮ್ಮನ ಮದುವೆ ಹೊತ್ತಿಗೆ ಕೊಟ್ರಾ ಅಂತ ಕೇಳ್ದೆ. ಅಜ್ಜಿ ಅವರೆಕಾಯಿ ನೋಡ್ತಾ ಸುಮ್ನಾದ್ರು. ಕೊಟ್ಟಿರಲಿಲ್ಲ.

ನಮ್ಮ ಹತ್ರ ಈಗ 13 ಜನರ ಮನೆ ಇಲ್ಲ, ಕಾರ್ಡ್ ಓದೋ ಮಾವ ಇಲ್ಲ. ಕೈಯಲ್ಲಿ ಫೋನಿದೆ, ಬೇಕಾದ್ದು ಬೇಡದ್ದು ಎಲ್ಲಾ ವಿಡಿಯೋ ಇದೆ. ಆದ್ರೂ "ನಂಗೆ ಭಯ", "ಇವತ್ತು ಬೇಡ", "ನಿಂಗೆ ಹೇಗನ್ನಿಸ್ತು" ಅನ್ನೋ ಮೂರು ಮಾತು ನಮ್ಮ ಬಾಯಿಗೂ ಬರ್ತಿಲ್ಲ. ಹಾಗಾದ್ರೆ ಗೋಡೆ ಕಡೆ ತಿರುಗಿ ಮಲಗೋದಕ್ಕೂ ಫೋನ್ ಕಡೆ ತಿರುಗಿ ಮಲಗೋದಕ್ಕೂ ಏನು ವ್ಯತ್ಯಾಸ?

ಆವತ್ತು ರಾತ್ರಿ ನಾಲ್ಕನೇ ಸಲ ಟೈಪ್ ಮಾಡ್ದೆ. ಅಳಿಸಲಿಲ್ಲ. ನೀಲಿ ಟಿಕ್ ಬಂತು. ಹತ್ತು ನಿಮಿಷ ಏನೂ ಇಲ್ಲ, ಜೀವ ಬಾಯಿಗೆ ಬಂತು. ಆಮೇಲೆ ಒಂದೇ ಸಾಲು: "ನಾನೂ ಹೇಗೆ ಕೇಳೋದು ಅಂತಿದ್ದೆ. ಭಾನುವಾರ ಸಿಗೋಣ, ವಾಕಿಂಗ್ ಹೋಗ್ತಾ ಮಾತಾಡೋಣ."

ನೀವೂ ಹೇಳಬೇಕಾದ್ದು ಏನಾದ್ರೂ ಉಳಿದಿದ್ರೆ ಎದುರು ಕೂತು ಕಣ್ಣಿಗೆ ಕಣ್ಣಿಟ್ಟು ಹೇಳಲೇಬೇಕು ಅಂತೇನಿಲ್ಲ. ಪಕ್ಕದಲ್ಲಿ ನಡೀತಾ ಹೇಳಿ. ಲೈಟ್ ಆರಿಸಿ ಹೇಳಿ. ಎಂಟು ತಿಂಗಳು ಕಾಯಬೇಡಿ.