ಸಂಘದ ಕಂಪ್ಯೂಟರಿಗೂ ಬೀಗ ಬೇಕು



ಅರಸೀಕೆರೆಯ ತೆಂಗಿನವರಿರಲಿ, ಬೇಲೂರಿನ ಕಾಫಿಯವರಿರಲಿ, ಹಳೇಬೀಡಿನ ಜೋಳದವರಿರಲಿ, ನಮ್ಮ ಸಾಲದ ಲೆಕ್ಕ ಈಗ ಸಹಕಾರ ಸಂಘದ ಕಂಪ್ಯೂಟರಿಗೆ ಏರುತ್ತಿದೆ. 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಯೋಜನೆ ಮಂಜೂರು ಮಾಡಿತು.

ಗೊಬ್ಬರದ ಗೋದಾಮಿಗೆ ತಪ್ಪದೆ ಬೀಗ ಹಾಕುವವರು ಕಾಫಿಗೆ ಏಳುವಾಗ ಕಂಪ್ಯೂಟರನ್ನು ತೆರೆದೇ ಬಿಡುವುದುಂಟು. ವಿಂಡೋಸ್ ಗುಂಡಿಯನ್ನು ಅದುಮಿಕೊಂಡು ‘ಎಲ್’ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ, ಅರ್ಧಕ್ಕೆ ನಿಂತ ಕೆಲಸ ಹಾಳಾಗುವುದಿಲ್ಲ. ಮರೆವಿನವರು ಐದು ನಿಮಿಷಕ್ಕೆ ತಾನಾಗಿ ಬೀಳುವಂತೆ ಹೊಂದಿಸಿಡಬಹುದು.

ಒಬ್ಬರ ಪಾಸ್‌ವರ್ಡ್ ನಾಲ್ವರಿಗೆ ಗೊತ್ತಿದ್ದರೆ, ಕಟ್ಟಿದ ಕಂತು ಖಾತೆಗೆ ಬೀಳದಿದ್ದಾಗ ಯಾರನ್ನು ಕೇಳುವುದು? ‘ಭೂಮಿ’ ಯೋಜನೆಯಲ್ಲಿ ಪಹಣಿ ತಿದ್ದುವ ಸಿಬ್ಬಂದಿಗೆ ಬೆರಳ ಗುರುತನ್ನೇ ಗೊತ್ತುಮಾಡಿದ್ದು ಇದೇ ಕಾರಣಕ್ಕೆ.

ಆದರೆ ಯಂತ್ರವನ್ನೇ ಹೊತ್ತೊಯ್ದವರು ಗೂಢಲಿಪಿಗೊಳಿಸದ ಡಿಸ್ಕನ್ನು ಬಿಚ್ಚಿ ಬೇರೆಡೆ ಓದಬಲ್ಲರು. ಕೋಣೆಯ ಬೀಗವೂ ಗಟ್ಟಿಯಿರಲಿ.