ವಸತಿ ಬಡಾವಣೆಗಳಲ್ಲಿ ನಾಯಿ ಸಾಕಣೆಗೆ ನಿಯಮಗಳು



ದೇವಣಿ ದನಗಳಿಗೆ ಹೆಸರಾದ ಬೀದರ ಜಿಲ್ಲೆಯಲ್ಲಿ ನಾಯಿಯೂ ಒಕ್ಕಲುತನದ ಹಳೆಯ ಜೊತೆಗಾರ. ಹೊಲದ ಕಾವಲಿಗೆ, ಕುರಿಹಿಂಡಿನ ಬೆನ್ನಿಗೆ ಅದು ಬೇಕು. ಆದರೆ ಬೀದರ ನಗರ, ಭಾಲ್ಕಿ, ಔರಾದಗಳಂಥ ಊರುಗಳಲ್ಲಿ, ಗೋಡೆಗೆ ಗೋಡೆ ಹತ್ತಿದ ಮನೆಗಳ ನಡುವೆ ಮಾರಾಟಕ್ಕಾಗಿ ಹಲವು ನಾಯಿಗಳನ್ನು ಸಾಕುವುದು ಬೇರೆ ಮಾತು. ಹೊಲದಲ್ಲಿ ಕಾವಲೆನಿಸುವ ಬೊಗಳು ಓಣಿಯಲ್ಲಿ ನೆರೆಯವರ ನಿದ್ದೆ ಕೆಡಿಸುತ್ತದೆ. ಮಾರಾಟವಾಗದ ಮರಿಗಳನ್ನು ಬೀದಿಗೆ ಬಿಟ್ಟರೆ ಕಷ್ಟ ಇನ್ನೂ ಹೆಚ್ಚು.

ಈ ಕಸಬಿಗೆ ಕೇಂದ್ರ ಸರಕಾರವು 2017ರಲ್ಲಿ ನಿಯಮಗಳನ್ನು ಮಾಡಿದೆ. ಅವುಗಳ ಪ್ರಕಾರ:

1. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ತೂಗುಹಾಕಬೇಕು.

2. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು, 8 ವರ್ಷ ದಾಟಿದ ಮೇಲೆ ಮರಿ ಮಾಡಿಸಬಾರದು. ವರ್ಷಕ್ಕೆ ಒಂದೇ ಸೂಲು; ಒಟ್ಟು ಐದಕ್ಕಿಂತ ಹೆಚ್ಚಿಲ್ಲ.

3. 8 ವಾರ ತುಂಬದ ಮರಿಗಳನ್ನು ಮಾರಬಾರದು.

ನಾಯಿಯ ಮಲವನ್ನು ತಿಪ್ಪೆಗೆ ಸೇರಿಸಲೇಬಾರದು. ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳನ್ನು ತಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯಬಹುದು. ಅದರ ಮೊಟ್ಟೆಗಳು ಗೊಬ್ಬರದೊಡನೆ ಕಾಯಿಪಲ್ಲೆಯ ಮಡಿ ಸೇರಿದರೆ, ಮನುಷ್ಯರ ಯಕೃತ್ತಿನಲ್ಲಿ ನೀರುಗುಳ್ಳೆಗಳಾಗುವ ಅಪಾಯವಿದೆ. ಆದ್ದರಿಂದ ಮಲವನ್ನು ಬಾವಿಯಿಂದ ದೂರ, ಆಳವಾದ ಗುಂಡಿಯಲ್ಲಿ ಹೂಳಬೇಕು. ಪಶುವೈದ್ಯರ ಸಲಹೆಯಂತೆ ನಾಯಿಗೆ ಜಂತುನಾಶಕ ಔಷಧ ಕೊಡಿಸಬೇಕು.

ಎಲ್ಲಕ್ಕಿಂತ ದೊಡ್ಡ ಭಯ ಹುಚ್ಚುನಾಯಿ ರೋಗದ್ದು. ರೋಗದ ಲಕ್ಷಣ ಕಂಡ ಮೇಲೆ ಬದುಕುವ ಭರವಸೆ ಇಲ್ಲ. ಸಾಕಿದ ಪ್ರತಿ ನಾಯಿಗೂ ಲಸಿಕೆ ಹಾಕಿಸತಕ್ಕದ್ದು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರ ಮೆತ್ತಬಾರದು.

ತೊಂದರೆಯಾದಾಗ ನೆರೆಯವರು ಮೊದಲು ಮಾಲಿಕರೊಡನೆ ಮಾತಾಡಬೇಕು. ಕೇಳದಿದ್ದರೆ ಸ್ಥಳೀಯ ಸಂಸ್ಥೆಗೂ ಪಶುಪಾಲನಾ ಇಲಾಖೆಗೂ ಬರೆದು ಕೊಡಬೇಕು. ನಾಯಿಯಿಂದ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲಿಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಶಿಕ್ಷೆಯುಂಟು. ನಾಯಿಗೆ ವಿಷವಿಡುವುದೂ ಅಪರಾಧವೇ.

ಬೀದರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಮುಧೋಳ ತಳಿ ಸಾಕಬಯಸುವವರು ಅಲ್ಲಿ ಸಲಹೆ ಕೇಳಬಹುದು. ಹೊಲದಲ್ಲಿ ಜಾಗವಿದ್ದವರು ಈ ಕಸಬನ್ನು ಓಣಿಯಲ್ಲಿ ನಡೆಸದೆ, ನೋಂದಣಿ ಮಾಡಿಸಿ, ನೆರಳು ನೀರಿನ ವ್ಯವಸ್ಥೆಯೊಡನೆ ಹೊಲದಲ್ಲಿಯೇ ನಡೆಸುವುದು ಮೇಲು. ಅದರಿಂದ ನಾಯಿಗೂ ನೆರೆಯವರಿಗೂ ಹಿತ.